ಪೊಲೀಸರ ಮೇಲೆ ಕೇಸು ಹಾಕಿದರೆ ಉತ್ತರ ಕೊಡುವವರು ಯಾರು?

ಇವತ್ತು ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಅಮೆರಿಕದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಕಾನೂನು ಮೀರಿ ಯಾರಿಗೋ ಹೊಡೆದರು, ಬಾಗಿಲು ಒಡೆದು ಮನೆಗೆ ನುಗ್ಗಿದರು, ತಪ್ಪಿಲ್ಲದವರನ್ನು ಹಿಡಿದು ಕೂಡಿಹಾಕಿದರು ಅಂತಿಟ್ಟುಕೊಳ್ಳಿ. ಪೆಟ್ಟು ತಿಂದವರು ಕೋರ್ಟಿಗೆ ಹೋದರೆ ಅಲ್ಲಿ ಉತ್ತರ ಕೊಡಬೇಕಾದವರು ಯಾರು? ಆ ಅಧಿಕಾರಿಯೋ, ಅವರಿಗೆ ಸಂಬಳ ಕೊಟ್ಟು, ಬಂದೂಕು ಕೊಟ್ಟು ಬೀದಿಗೆ ಕಳಿಸಿದ ನಗರಾಡಳಿತವೋ? ಕೇಳೋಕೆ ಸುಲಭದ ಪ್ರಶ್ನೆ. ಅಲ್ಲಿನ ಸುಪ್ರೀಂ ಕೋರ್ಟ್ 60 ವರ್ಷಕ್ಕೂ ಜಾಸ್ತಿ ಕಾಲದಿಂದ ಇದರ ಜೊತೆ ಗುದ್ದಾಡುತ್ತಿದೆ.

ಒಂದು ಮನೆಯಿಂದ ಶುರು ಮಾಡೋಣ. 1958ರ ಅಕ್ಟೋಬರ್ 29, ಷಿಕಾಗೋ ನಗರ. ಬೆಳಗಿನ ಜಾವ 5 ಗಂಟೆ 45 ನಿಮಿಷ. ಜೇಮ್ಸ್ ಮನ್ರೋ ಎಂಬ ಕಪ್ಪು ಜನಾಂಗದ ವ್ಯಕ್ತಿ, ಅವರ ಹೆಂಡತಿ, 6 ಮಕ್ಕಳು ಮಲಗಿದ್ದಾರೆ. 13 ಮಂದಿ ಪೊಲೀಸರು ಬಾಗಿಲು ಒಡೆದು ಒಳಗೆ ಬಂದರು. ಕೈಯಲ್ಲಿ ವಾರಂಟ್ ಇಲ್ಲ. ಗಂಡ ಹೆಂಡತಿ ಇಬ್ಬರನ್ನೂ ಹಾಸಿಗೆಯಿಂದ ಎಬ್ಬಿಸಿ, ಮೈಮೇಲೆ ಬಟ್ಟೆಯಿಲ್ಲದೆ ನಡುಮನೆಯಲ್ಲಿ ನಿಲ್ಲಿಸಿದರು. ಕೋಣೆ ಕೋಣೆ ಜಾಲಾಡಿದರು, ಡ್ರಾಯರುಗಳನ್ನು ಸುರಿದರು, ಹಾಸಿಗೆಯ ಹೊದಿಕೆ ಹರಿದರು. ಮನ್ರೋ ಅವರನ್ನು ಸ್ಟೇಷನ್ನಿಗೆ ಕರೆದೊಯ್ದು, 2 ದಿನ ಹಿಂದೆ ನಡೆದಿದ್ದ ಒಂದು ಕೊಲೆಯ ಬಗ್ಗೆ 10 ಗಂಟೆ ವಿಚಾರಣೆ ಮಾಡಿದರು. ವಕೀಲರಿಗೆ ಫೋನ್ ಮಾಡಲು ಬಿಡಲಿಲ್ಲ. ನ್ಯಾಯಾಧೀಶರ ಮುಂದೆ ಹಾಜರುಪಡಿಸಲಿಲ್ಲ. ಕೊನೆಗೆ ಯಾವ ಆರೋಪವನ್ನೂ ಹೊರಿಸದೆ ಮನೆಗೆ ಕಳಿಸಿದರು. ಇದೆಲ್ಲ ಆ ಕುಟುಂಬ ತನ್ನ ದೂರಿನಲ್ಲಿ ಬರೆದದ್ದು.

ನಾನು ಈ ತೀರ್ಪನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ನಡುಮನೆ ಕಣ್ಣಮುಂದೆ ಬರುತ್ತದೆ. ಆಗ ಅವರು ಯಾವ ಕೋರ್ಟಿಗೆ ಹೋಗಬಹುದಿತ್ತು? ರಾಜ್ಯದ ಕೋರ್ಟಿಗೆ ಹೋಗಿ, ಅತಿಕ್ರಮ ಪ್ರವೇಶ ಅಂತ ಮಾಮೂಲಿ ದಾವೆ ಹೂಡಬಹುದಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ಫೆಡರಲ್ ಕೋರ್ಟಿಗೆ, ಅಂದರೆ ಕೇಂದ್ರ ಸರ್ಕಾರದ ಕೋರ್ಟಿಗೆ ಹೋದರು. ಅದಕ್ಕೆ ಅವರ ವಕೀಲರು ಧೂಳು ಹಿಡಿದು ಮೂಲೆಯಲ್ಲಿದ್ದ ಒಂದು ಹಳೇ ಕಾನೂನನ್ನು ಎತ್ತಿಕೊಂಡರು.

ಆ ಕಾನೂನು 1871ರದ್ದು. ಅಂತರ್ಯುದ್ಧ ಮುಗಿದಿತ್ತು, ಗುಲಾಮಗಿರಿ ರದ್ದಾಗಿತ್ತು, 1868ರಲ್ಲಿ 14ನೇ ತಿದ್ದುಪಡಿ ಬಂದು ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಅಂತ ಸಂವಿಧಾನದಲ್ಲಿ ಬರೆದಾಗಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪು ಕಪ್ಪು ಜನರನ್ನು ರಾತ್ರೋರಾತ್ರಿ ಹೊಡೆದು ಕೊಲ್ಲುತ್ತಿತ್ತು. ಅಲ್ಲಿನ ಷರೀಫರು (ಕೌಂಟಿ ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರು), ಜಡ್ಜುಗಳು ಕಣ್ಣು ಮುಚ್ಚಿ ಕೂತಿದ್ದರು. ಕೆಲವು ಕಡೆ ಅವರೇ ಗುಂಪಿನಲ್ಲಿದ್ದರು. ಆಗ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಸಹಿ ಹಾಕಿದ ಕಾಯ್ದೆ ಇದು. ಇದರ ಮೊದಲ ಭಾಗವೇ ಈಗ ಸೆಕ್ಷನ್ 1983 ಅಂತ ಕರೆಸಿಕೊಳ್ಳುವುದು. ಆ ಸಂಖ್ಯೆ ನೋಡಿ 1983ನೇ ಇಸವಿಯ ಕಾನೂನು ಅಂದುಕೊಳ್ಳಬೇಡಿ, ಅದು ಕಾನೂನು ಸಂಹಿತೆಯ ಕಲಂ ಸಂಖ್ಯೆ. ಅದು ಹೇಳುವುದಿಷ್ಟು: ರಾಜ್ಯದ ಅಧಿಕಾರದ ಹೆಸರಲ್ಲಿ ಯಾವುದೇ ವ್ಯಕ್ತಿ ಇನ್ನೊಬ್ಬರ ಸಂವಿಧಾನದ ಹಕ್ಕನ್ನು ಕಿತ್ತುಕೊಂಡರೆ, ಆ ವ್ಯಕ್ತಿ ಹಾನಿಗೆ ಹೊಣೆ. ಒಂದೇ ವಾಕ್ಯ. ‘ಒಳ್ಳೆ ಉದ್ದೇಶವಿದ್ದರೆ ಬಿಟ್ಟುಬಿಡಿ’ ಅಂತ ಆ ವಾಕ್ಯದಲ್ಲಿ ಎಲ್ಲೂ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

90 ವರ್ಷ ಈ ಕಾನೂನು ಹೆಚ್ಚುಕಡಿಮೆ ಮಲಗಿಯೇ ಇತ್ತು. ಕಾರಣ ಇದು. ಪೊಲೀಸರು ರಾಜ್ಯದ ಕಾನೂನನ್ನೇ ಮುರಿದು ಹೊಡೆದರೆ ಅದು ‘ರಾಜ್ಯದ ಅಧಿಕಾರದ ಹೆಸರಲ್ಲಿ’ ಹೇಗಾಗುತ್ತದೆ, ಅದು ಅವರ ಸ್ವಂತ ಅಪರಾಧವಲ್ಲವಾ ಎಂಬ ವಾದವಿತ್ತು. 1961ರ ಫೆಬ್ರವರಿಯಲ್ಲಿ ಮನ್ರೋ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ವಿಲಿಯಂ ಡಗ್ಲಸ್. ಬ್ಯಾಡ್ಜ್ ಹಾಕಿಕೊಂಡು ಬಾಗಿಲು ಒಡೆದರೆ ಅದು ರಾಜ್ಯದ ಅಧಿಕಾರದಿಂದಲೇ ಮಾಡಿದ್ದು, ಆ ಅಧಿಕಾರವನ್ನು ದುರುಪಯೋಗ ಮಾಡಿದರೂ ಅಷ್ಟೇ. ಹೀಗೆ ಬಾಗಿಲು ತೆರೆಯಿತು. ಇವತ್ತು ಅಮೆರಿಕದಲ್ಲಿ ಪೊಲೀಸರ ಮೇಲೆ ನಡೆಯುವ ನಾಗರಿಕ ಹಕ್ಕುಗಳ ದಾವೆಗಳಲ್ಲಿ ಹೆಚ್ಚಿನವು ಆ ಬಾಗಿಲಿನಿಂದಲೇ ಒಳಗೆ ಹೋಗುತ್ತವೆ.

ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು. ನಗರಾಡಳಿತ ‘ವ್ಯಕ್ತಿ’ ಅಲ್ಲ, ಆದ್ದರಿಂದ ಷಿಕಾಗೋ ನಗರದ ಮೇಲೆ ಕೇಸು ನಡೆಯುವುದಿಲ್ಲ ಅಂದಿತು. ಅಲ್ಲಿಗೆ ನಮ್ಮ ಪ್ರಶ್ನೆ ಹುಟ್ಟಿತು.

ಸ್ವಲ್ಪ ಪಕ್ಕಕ್ಕೆ ಹೋಗಿ ಒಂದು ವಿಷಯ ಹೇಳಿಬಿಡುತ್ತೇನೆ. ತುಂಬ ಜನ ಕೇಳುತ್ತಾರೆ, ‘ದುಡ್ಡಿನ ದಾವೆ ಯಾಕೆ, ಜೈಲಿಗೆ ಕಳಿಸಬಾರದಾ?’ ಅಂತ. ಜೈಲಿಗೆ ಕಳಿಸುವ ಕಾನೂನೂ ಇದೆ. ಆದರೆ ಆ ಕೇಸನ್ನು ಸರ್ಕಾರಿ ವಕೀಲರೇ ಹಾಕಬೇಕು, ನೊಂದವರು ಹಾಕುವಂತಿಲ್ಲ. ಸಾಬೀತು ಮಾಡುವುದೂ ಕಷ್ಟ. 1943ರಲ್ಲಿ ಜಾರ್ಜಿಯಾ ರಾಜ್ಯದ ಬೇಕರ್ ಕೌಂಟಿಯ ಷರೀಫ್ ಕ್ಲಾಡ್ ಸ್ಕ್ರೂಸ್, ರಾಬರ್ಟ್ ಹಾಲ್ ಎಂಬ ಕಪ್ಪು ಯುವಕನನ್ನು ಬಂಧಿಸಿ, ಕೋಳ ಹಾಕಿದ ಸ್ಥಿತಿಯಲ್ಲೇ ಹೊಡೆದರು. ಯುವಕ ಸತ್ತ. ಶಿಕ್ಷೆಯಾಯಿತು. 1945ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿ, ಸಂವಿಧಾನದ ಹಕ್ಕನ್ನು ಕಿತ್ತುಕೊಳ್ಳಬೇಕೆಂದೇ ಬೇಕಂತಲೇ ಮಾಡಿದ್ದು ಅಂತ ಸಾಬೀತಾಗಬೇಕು ಅಂದಿತು. ಮರುವಿಚಾರಣೆಯಲ್ಲಿ ಷರೀಫ್ ಬಿಡುಗಡೆಯಾದರು. ಮುಂದೆ ರಾಜ್ಯದ ಸೆನೆಟಿಗೂ ಆರಿಸಿಹೋದರು. ಹೀಗಾಗಿ ಎಷ್ಟೋ ಕುಟುಂಬಗಳಿಗೆ ತಾವೇ ಹಾಕಬಹುದಾದ ಸಿವಿಲ್ ದಾವೆಯೇ ಉಳಿಯುವ ದಾರಿ.

ಆ ದಾರಿಯಲ್ಲಿ ಮೊದಲ ಹೆಜ್ಜೆಗಳನ್ನು ಬೇಗ ಹೇಳುತ್ತೇನೆ. ಮೊದಲನೆಯದು ಗಡುವು. ಸೆಕ್ಷನ್ 1983ರಲ್ಲಿ ಗಡುವು ಬರೆದಿಲ್ಲ, ಆಯಾ ರಾಜ್ಯದ ಗಾಯ ಪರಿಹಾರ ದಾವೆಯ ಗಡುವನ್ನೇ ಎರವಲು ತರುತ್ತಾರೆ. ಟೆನೆಸ್ಸಿಯಲ್ಲಿ 1 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 2, ನ್ಯೂಯಾರ್ಕಿನಲ್ಲಿ 3. ಮಗ ಸತ್ತ ದುಃಖದಲ್ಲಿ ಮನೆಯವರು ಕೂತಿರುವಾಗ ಒಂದು ವರ್ಷ ಕಳೆದುಹೋಗುವುದು ಎಷ್ಟು ಹೊತ್ತು, ಹೇಳಿ? ಎರಡನೆಯದು ವಕೀಲರ ಫೀಸು. 1976ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ನೊಂದವರು ಗೆದ್ದರೆ ಅವರ ವಕೀಲರ ಫೀಸನ್ನು ಎದುರು ಪಕ್ಷ ಕಟ್ಟಬೇಕು ಅಂದಿತು. ಅದಿಲ್ಲದಿದ್ದರೆ ಬಡವರ ಕೇಸು ಹಿಡಿಯುವವರೇ ಇರುತ್ತಿರಲಿಲ್ಲ. ಇನ್ನೊಂದು ಮುಳ್ಳು ಇದೆ. ಪೆಟ್ಟು ತಿಂದವರ ಮೇಲೆಯೇ ಪೊಲೀಸರಿಗೆ ಅಡ್ಡಿಪಡಿಸಿದ ಆರೋಪ ಹಾಕಿ, ಅವರು ಸಣ್ಣ ಶಿಕ್ಷೆಗೆ ಒಪ್ಪಿ ತಪ್ಪೊಪ್ಪಿಕೊಂಡಿದ್ದರೆ, 1994ರ ಒಂದು ತೀರ್ಪು ಅಡ್ಡ ಬರುತ್ತದೆ. ಆ ಶಿಕ್ಷೆಯೇ ತಪ್ಪು ಎಂಬ ಅರ್ಥ ಬರುವ ದಾವೆಯನ್ನು, ಶಿಕ್ಷೆ ರದ್ದಾಗುವ ತನಕ ಹಾಕುವಂತಿಲ್ಲ. ಜೊತೆಗೆ ಈ ಕಾನೂನು ರಾಜ್ಯ ಮತ್ತು ನಗರದ ಅಧಿಕಾರಿಗಳಿಗೆ ಮಾತ್ರ. ಫೆಡರಲ್ ಏಜೆಂಟರ ಮೇಲಾದರೆ 1971ರ ಬಿವೆನ್ಸ್ ತೀರ್ಪಿನ ದಾರಿ ಇತ್ತು. ಅದನ್ನು 2022ರ ಹೊತ್ತಿಗೆ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಮುಚ್ಚಿಬಿಟ್ಟಿದೆ.

ಇಷ್ಟು ದಾಟಿ ಬಂದ ಮೇಲೆ, ಪೊಲೀಸರು ಬಳಸಿದ ಬಲ ತಪ್ಪೋ ಸರಿಯೋ ಅಂತ ಅಳೆಯುವುದು ಹೇಗೆ? ಇಲ್ಲಿ ನಿಮಗೆ ಡೆಥಾರ್ನ್ ಗ್ರಹಾಂ ಅವರ ಕಥೆ ಹೇಳಬೇಕು. 1984ರ ನವೆಂಬರ್, ಉತ್ತರ ಕೆರೊಲಿನಾದ ಷಾರ್ಲಟ್. ಗ್ರಹಾಂ ಅವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಜಾಸ್ತಿಯಾಗಿ ಸಕ್ಕರೆ ಇಳಿಯುತ್ತಿದೆ ಅನ್ನಿಸಿ, ಸ್ನೇಹಿತನ ಕಾರಿನಲ್ಲಿ ಕಿತ್ತಳೆ ರಸ ತರಲು ಅಂಗಡಿಗೆ ಹೋದರು. ಒಳಗೆ ಉದ್ದದ ಸಾಲು. ಕಾಯುವಷ್ಟು ಸಮಯ ಇಲ್ಲ ಅಂತ ಓಡಿ ಹೊರಗೆ ಬಂದು ಕಾರು ಹತ್ತಿದರು. ಇದನ್ನು ನೋಡಿದ ಒಬ್ಬ ಪೊಲೀಸ್ ಅಧಿಕಾರಿಗೆ ಅನುಮಾನ. ಬೆನ್ನಟ್ಟಿ ಕಾರು ನಿಲ್ಲಿಸಿದರು. ಸ್ನೇಹಿತ ‘ಸಕ್ಕರೆ ಇಳಿದಿದೆ’ ಅಂದರೂ ಕೇಳಲಿಲ್ಲ. ಗ್ರಹಾಂ ಕೆಳಗಿಳಿದು, ಕಾರಿನ ಸುತ್ತ ಎರಡು ಸಲ ಓಡಿ, ರಸ್ತೆಯಂಚಿನಲ್ಲಿ ಕೂತು ಪ್ರಜ್ಞೆ ತಪ್ಪಿದರು. ಬಂದ ಪೊಲೀಸರು ಅವರನ್ನು ಮಗುಚಿ ಕೋಳ ಬಿಗಿದರು. ಒಬ್ಬರು ‘ಇವನಿಗೆ ಕುಡಿದದ್ದು ಬಿಟ್ಟು ಇನ್ನೇನೂ ಆಗಿಲ್ಲ’ ಎಂಬರ್ಥದಲ್ಲಿ ಬೈದರು. ಎಚ್ಚರವಾದ ಗ್ರಹಾಂ, ಜೇಬಲ್ಲಿ ಮಧುಮೇಹದ ಕಾರ್ಡ್ ಇದೆ, ನೋಡಿ ಅಂದಾಗ ಬಾಯಿ ಮುಚ್ಚು ಅಂದರು. ತಲೆ ಮುಂದಾಗಿ ಪೊಲೀಸ್ ಕಾರಿನೊಳಗೆ ಎಸೆದರು. ಸ್ನೇಹಿತ ತಂದ ಕಿತ್ತಳೆ ರಸವನ್ನೂ ಕೊಡಲು ಬಿಡಲಿಲ್ಲ. ಆಮೇಲೆ ಅಂಗಡಿಯಲ್ಲಿ ಏನೂ ಆಗಿಲ್ಲ ಅಂತ ಗೊತ್ತಾಯಿತು, ಮನೆಗೆ ಬಿಟ್ಟುಬಂದರು. ಪಾದದ ಮೂಳೆ ಮುರಿದಿತ್ತು. ಭುಜಕ್ಕೆ ಏಟಾಗಿತ್ತು. ಕಿವಿಯಲ್ಲಿ ಗುಂಯ್‌ಗುಡುವುದು ನಿಲ್ಲಲೇ ಇಲ್ಲ.

ಈ ಕೇಸಿನಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಅಳತೆಗೋಲೇ ಇವತ್ತಿಗೂ ನಡೆಯುತ್ತಿರುವುದು. ಆ ಜಾಗದಲ್ಲಿದ್ದ ಒಬ್ಬ ಸಮಂಜಸ ಅಧಿಕಾರಿಯ ಕಣ್ಣಿನಿಂದ ನೋಡಬೇಕು. ಆಮೇಲೆ ಆರಾಮಾಗಿ ಕೂತು ಹಿಂದಿರುಗಿ ನೋಡಿ ಅಳೆಯಬಾರದು. ಅಧಿಕಾರಿಗೆ ಕ್ಷಣಾರ್ಧದಲ್ಲಿ ನಿರ್ಧಾರ ಮಾಡಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಇದರಲ್ಲಿ ನ್ಯಾಯ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಗ್ರಹಾಂ ಅವರ ವಿಷಯದಲ್ಲಿ ಕ್ಷಣಾರ್ಧದ ನಿರ್ಧಾರ ಎಲ್ಲಿತ್ತು? ಒಬ್ಬ ಮನುಷ್ಯ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ, ಪಕ್ಕದಲ್ಲಿರುವವರು ಕಾಯಿಲೆ ಅಂತ ಹೇಳುತ್ತಿದ್ದಾರೆ. ಜೇಬು ನೋಡಲು ಬೇಕಾದಷ್ಟು ಹೊತ್ತಿತ್ತು. ನಿಧಾನವಾಗಿ ಯೋಚಿಸಲು ಸಮಯವಿದ್ದ ಕೇಸಿನಿಂದಲೇ ಕ್ಷಣಾರ್ಧದ ಸೂತ್ರ ಹುಟ್ಟಿತಲ್ಲ, ಅದು ನನಗೆ ಇವತ್ತಿಗೂ ನೋವಿನ ವಿಷಯ. ಇದಕ್ಕೆ 4 ವರ್ಷ ಮುಂಚೆ, 1985ರಲ್ಲಿ, ಟೆನೆಸ್ಸಿಯ ಒಂದು ಕೇಸಿನಲ್ಲಿ ಕೋರ್ಟ್ ಇನ್ನಷ್ಟು ನೇರವಾಗಿ ಮಾತಾಡಿತ್ತು. ಬೇಲಿ ಹತ್ತಿ ತಪ್ಪಿಸಿಕೊಳ್ಳುತ್ತಿದ್ದ 15 ವರ್ಷದ ಹುಡುಗನ ತಲೆಯ ಹಿಂಭಾಗಕ್ಕೆ ಗುಂಡು ಹೊಡೆದಿದ್ದರು. ಆಯುಧವಿಲ್ಲದೆ ಓಡುವವರಿಗೆ, ಅವರಿಂದ ಅಪಾಯವಿಲ್ಲದಿದ್ದರೆ, ಗುಂಡು ಹೊಡೆಯುವಂತಿಲ್ಲ ಅಂದಿತು. 2025ರ ಮೇ ತಿಂಗಳಲ್ಲಿ ಬಂದ ಬಾರ್ನ್ಸ್ ತೀರ್ಪು ಒಂದು ಒಳ್ಳೆಯ ಹೆಜ್ಜೆ. ಗುಂಡು ಹಾರಿದ ಆ ಒಂದೆರಡು ಸೆಕೆಂಡನ್ನಷ್ಟೇ ನೋಡಿದರೆ ಸಾಲದು, ಅದಕ್ಕೆ ಮುಂಚೆ ನಡೆದದ್ದನ್ನೂ ಸೇರಿಸಿ ನೋಡಬೇಕು ಅಂತ ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಲ ತಪ್ಪು ಅಂತ ತೋರಿಸಿದಿರಿ. ಆಗ ಅಧಿಕಾರಿಯ ಪರ ವಕೀಲರು ಎದ್ದು ನಿಂತು ಹೇಳುವ ಮಾತು ಒಂದೇ, ಕ್ವಾಲಿಫೈಡ್ ಇಮ್ಯುನಿಟಿ. ಕನ್ನಡದಲ್ಲಿ ಷರತ್ತಿನ ರಕ್ಷಣೆ ಅನ್ನೋಣ. ಇದು 1871ರ ಕಾನೂನಿನಲ್ಲಿ ಇಲ್ಲ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಇದಕ್ಕೇ. ಇದನ್ನು ತಂದವರು ನ್ಯಾಯಾಧೀಶರು. 1961ರಲ್ಲಿ ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ, ಬಿಳಿಯರಿಗೆ ಮಾತ್ರ ಅಂತ ಬೋರ್ಡಿದ್ದ ಬಸ್ ನಿಲ್ದಾಣದ ಕೋಣೆಯೊಳಗೆ ಹೋದದ್ದಕ್ಕೆ 15 ಮಂದಿ ಪಾದ್ರಿಗಳನ್ನು ಬಂಧಿಸಿದ್ದರು. ಅದರಲ್ಲಿ ಕಪ್ಪು ಮತ್ತು ಬಿಳಿ ಪಾದ್ರಿಗಳು ಇಬ್ಬರೂ ಇದ್ದರು. ಅವರು ಹಾಕಿದ ಕೇಸಿನಲ್ಲಿ 1967ರಲ್ಲಿ ಕೋರ್ಟ್, ಅಧಿಕಾರಿ ಕಾನೂನು ಸರಿಯಿದೆ ಅಂತ ಪ್ರಾಮಾಣಿಕವಾಗಿ ನಂಬಿ ನಡೆದಿದ್ದರೆ ಅವರಿಗೆ ರಕ್ಷಣೆ ಉಂಟು ಅಂದಿತು. ಆಗ ಕನಿಷ್ಠ ‘ಪ್ರಾಮಾಣಿಕವಾಗಿ’ ಎಂಬ ಷರತ್ತಿತ್ತು.

1982ರಲ್ಲಿ ಅದೂ ಹೋಯಿತು. ಕೇಸು ಪೊಲೀಸರದ್ದೇ ಅಲ್ಲ, ಅಧ್ಯಕ್ಷ ನಿಕ್ಸನ್ ಅವರ ಶ್ವೇತಭವನದ ಸಹಾಯಕರದ್ದು. ಮನಸ್ಸಿನಲ್ಲಿ ಏನಿತ್ತು ಅಂತ ಕೆದಕುವುದು ಬೇಡ ಅಂತ ಕೋರ್ಟ್ ಹೇಳಿತು. ಆ ಹಕ್ಕು ಆ ಹೊತ್ತಿಗೆ ಸ್ಪಷ್ಟವಾಗಿ ಸ್ಥಾಪಿತವಾಗಿತ್ತೋ ಇಲ್ಲವೋ, ಅಷ್ಟೇ ನೋಡಿ ಅಂದಿತು. ಅಂದರೆ ಈಗ ನೊಂದವರು ಹಳೇ ತೀರ್ಪುಗಳ ರಾಶಿಯಲ್ಲಿ ತಮ್ಮ ಕೇಸಿಗೆ ತುಂಬಾ ಹತ್ತಿರದ ಇನ್ನೊಂದು ಕೇಸನ್ನು ಹುಡುಕಿ ತರಬೇಕು. ಎಷ್ಟು ಹತ್ತಿರ ಅಂತೀರಾ?

ಟೆನೆಸ್ಸಿಯ ನ್ಯಾಷ್‌ವಿಲ್. ಕಳ್ಳತನದ ಅನುಮಾನದ ಮೇಲೆ ಪೊಲೀಸರು ಒಬ್ಬರನ್ನು ಒಂದು ನೆಲಮಾಳಿಗೆಯಲ್ಲಿ ಹಿಡಿದರು. ಅವರು ಕೂತಿದ್ದರು, ಎರಡೂ ಕೈ ಮೇಲೆತ್ತಿದ್ದರು. ಆದರೂ ಪೊಲೀಸ್ ನಾಯಿಯನ್ನು ಬಿಟ್ಟರು, ಅದು ಕಚ್ಚಿತು ಅಂತ ಅವರ ದೂರು. ಅದೇ ಮೇಲ್ಮನವಿ ಕೋರ್ಟು ಇದಕ್ಕೆ ಮುಂಚೆ ಒಂದು ಕೇಸಿನಲ್ಲಿ, ಶರಣಾಗಿ ನೆಲದ ಮೇಲೆ ಮಲಗಿದ್ದವರ ಮೇಲೆ ನಾಯಿ ಬಿಟ್ಟದ್ದು ತಪ್ಪು ಅಂತ ಹೇಳಿತ್ತು. ಆ ತೀರ್ಪು ಸಾಕಲ್ವಾ? ಸಾಲಲಿಲ್ಲ. ಆ ಕೇಸಿನವರು ಮಲಗಿದ್ದರು, ಇವರು ಕೈಯೆತ್ತಿ ಕೂತಿದ್ದರು, ಎರಡೂ ಒಂದೇ ಅಂತ ಹೇಳಲಾಗದು ಅಂದಿತು ಕೋರ್ಟು, 2018ರಲ್ಲಿ. ಅಧಿಕಾರಿಗಳು ಪಾರು. 2020ರ ಜೂನಿನಲ್ಲಿ ಸುಪ್ರೀಂ ಕೋರ್ಟ್ ಅದರ ಅಪೀಲನ್ನು ಕೇಳಲು ಒಪ್ಪಲಿಲ್ಲ. ಆಗ ಕೋರ್ಟಿನ ಅತ್ಯಂತ ಸಂಪ್ರದಾಯವಾದಿ ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಕ್ಲಾರೆನ್ಸ್ ಥಾಮಸ್ ಭಿನ್ನಮತ ಬರೆದು, ಈ ರಕ್ಷಣೆಗೆ 1871ರ ಕಾನೂನಿನಲ್ಲಿ ಆಧಾರ ಇದೆಯಾ ಅಂತಲೇ ಅನುಮಾನಪಟ್ಟರು.

ಇನ್ನೊಂದು ಕ್ಯಾಲಿಫೋರ್ನಿಯಾದ ಫ್ರೆಸ್ನೋದಿಂದ. 2013ರಲ್ಲಿ ವಾರಂಟ್ ಹಿಡಿದು ಪೊಲೀಸರು ಹುಡುಕಾಟ ನಡೆಸಿದರು. ವಶಕ್ಕೆ ತೆಗೆದುಕೊಂಡದ್ದು ಸುಮಾರು 50,000 ಡಾಲರ್ ಅಂತ ಚೀಟಿ ಬರೆದುಕೊಟ್ಟರು. ಮಾಲೀಕರು ಹೇಳುವ ಪ್ರಕಾರ, ತೆಗೆದುಕೊಂಡು ಹೋದದ್ದು 1,51,380 ಡಾಲರ್ ನಗದು, ಜೊತೆಗೆ 1,25,000 ಡಾಲರ್ ಬೆಲೆಯ ಅಪರೂಪದ ನಾಣ್ಯಗಳು. ಉಳಿದದ್ದನ್ನು ಪೊಲೀಸರೇ ಕದ್ದರು ಅಂತ ಕೇಸು ಹಾಕಿದರು. 2019ರಲ್ಲಿ ಮೇಲ್ಮನವಿ ಕೋರ್ಟ್ ಏನಂದಿತು ಗೊತ್ತಾ? ಕದಿಯುವುದು ನೀತಿಗೆಟ್ಟ ಕೆಲಸ ಅಂತ ಅಧಿಕಾರಿಗಳಿಗೆ ಗೊತ್ತಿರಬೇಕಿತ್ತು, ಸರಿ. ಆದರೆ ವಾರಂಟ್ ಮೇಲೆ ವಶಪಡಿಸಿಕೊಂಡ ಸ್ವತ್ತನ್ನು ಕದ್ದರೆ ಅದು ಅನ್ಯಾಯದ ಹುಡುಕಾಟ, ಜಪ್ತಿಯನ್ನು ತಡೆಯುವ ಸಂವಿಧಾನದ 4ನೇ ತಿದ್ದುಪಡಿಯ ಉಲ್ಲಂಘನೆ ಅಂತ ಆವತ್ತಿಗೆ ಸ್ಪಷ್ಟ ತೀರ್ಪು ಇರಲಿಲ್ಲ. ಆದ್ದರಿಂದ ರಕ್ಷಣೆ ಉಂಟು. ನಾನು ಇದನ್ನು ಮೊದಲ ಸಲ ಓದಿದಾಗ, ಏನೋ ತಪ್ಪು ಓದಿದೆ ಅಂತ ಪುಟ ಹಿಂದೆ ತಿರುಗಿಸಿದ್ದೆ.

ಇದರೊಳಗೆ ಇನ್ನೊಂದು ಸುಳಿ ಇದೆ. 2009ರ ಒಂದು ತೀರ್ಪಿನ ಪ್ರಕಾರ, ಹಕ್ಕಿನ ಉಲ್ಲಂಘನೆ ಆಗಿದೆಯಾ ಎಂಬ ಪ್ರಶ್ನೆಯನ್ನು ಜಡ್ಜುಗಳು ಮುಟ್ಟದೆ, ‘ಸ್ಪಷ್ಟವಾಗಿ ಸ್ಥಾಪಿತವಾಗಿರಲಿಲ್ಲ’ ಅಂತ ಹೇಳಿ ಕೇಸು ಮುಗಿಸಬಹುದು. ಹಾಗೆ ಮುಗಿಸಿದರೆ ಆ ಕೇಸಿನಿಂದ ಹೊಸ ಕಾನೂನು ಹುಟ್ಟುವುದಿಲ್ಲ. ಮುಂದಿನ ವರ್ಷ ಅದೇ ತಪ್ಪು ಇನ್ನೊಬ್ಬರಿಗೆ ಆದಾಗಲೂ ತೋರಿಸಲು ಹಳೇ ತೀರ್ಪು ಇರುವುದಿಲ್ಲ. ಅದೂ ಸಾಲದು ಅಂತ, ರಕ್ಷಣೆ ಕೊಡುವುದಿಲ್ಲ ಅಂತ ಕೆಳಗಿನ ಕೋರ್ಟ್ ಹೇಳಿದರೆ ಅಧಿಕಾರಿ ವಿಚಾರಣೆಗೂ ಮುಂಚೆ ಅಲ್ಲಿಂದಲೇ ಅಪೀಲು ಹೋಗಬಹುದು. ಒಂದೆರಡು ವರ್ಷ ಸುಮ್ನೆ ಕಳೆಯುತ್ತದೆ. ಸಾಕ್ಷಿಗಳು ಊರು ಬಿಡುತ್ತಾರೆ, ನೆನಪು ಮಸುಕಾಗುತ್ತದೆ. ಸಣ್ಣ ಮೊತ್ತದ ರಾಜಿಗೆ ಕುಟುಂಬ ಒಪ್ಪಿಬಿಡುತ್ತದೆ.

ಸರಿ, ಅಧಿಕಾರಿ ಕೈಗೆ ಸಿಗಲಿಲ್ಲ. ನಗರವನ್ನು ಹಿಡಿಯೋಣ ಅಂತೀರಿ. ಅದು ಸಹಜ. ಒಂದು ಕಂಪನಿಯ ಲಾರಿ ಚಾಲಕ ಕೆಲಸದ ಹೊತ್ತಿನಲ್ಲಿ ಯಾರಿಗಾದರೂ ಗುದ್ದಿದರೆ ಕಂಪನಿ ಹೊಣೆ ಹೊರುತ್ತದೆ. ಆಳು ಮಾಡಿದ ತಪ್ಪಿಗೆ ಧಣಿ ಹೊಣೆ ಎಂಬುದು ಎಲ್ಲ ಕಡೆ ಇರುವ ಹಳೇ ನಿಯಮ. 1978ರಲ್ಲಿ ಮೊನೆಲ್ ಎಂಬ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮನ್ರೋ ತೀರ್ಪಿನ ಅರ್ಧ ಭಾಗವನ್ನು ತಿದ್ದಿತು. ನಗರವೂ ‘ವ್ಯಕ್ತಿ’ಯೇ, ಕೇಸು ಹಾಕಬಹುದು ಅಂದಿತು. ಆದರೆ ಧಣಿ ಎಂಬ ಒಂದೇ ಕಾರಣಕ್ಕೆ ನಗರ ಹೊಣೆಯಲ್ಲ, ನಗರದ ನೀತಿಯಿಂದ ಅಥವಾ ಬೇರೂರಿದ ರೂಢಿಯಿಂದ ಹಾನಿಯಾಗಿದ್ದರೆ ಮಾತ್ರ ಹೊಣೆ ಅಂತ ಸೇರಿಸಿತು. ‘ಜನರಿಗೆ ಹೊಡೆಯಿರಿ’ ಅಂತ ಯಾವ ನಗರ ಬರೆದಿಟ್ಟಿರುತ್ತದೆ? ಹಾಗಾಗಿ ತರಬೇತಿ ಕೊಡಲಿಲ್ಲ, ಗೊತ್ತಿದ್ದೂ ಕಡೆಗಣಿಸಿದರು ಅಂತ ಸಾಬೀತು ಮಾಡಬೇಕು. ಅದೆಷ್ಟು ಕಷ್ಟ ಎಂಬುದಕ್ಕೆ ಜಾನ್ ಥಾಂಪ್ಸನ್ ಅವರ ಕಥೆ ಸಾಕು. ಇದು ಸರ್ಕಾರಿ ವಕೀಲರ ಕಚೇರಿಯ ಕೇಸು, ಪೊಲೀಸರದ್ದಲ್ಲ. ನಿಯಮ ಮಾತ್ರ ಅದೇ.

1985, ನ್ಯೂ ಆರ್ಲಿಯನ್ಸ್. ಥಾಂಪ್ಸನ್ ಮೇಲೆ ಎರಡು ಆರೋಪ, ಒಂದು ದರೋಡೆಯ ಯತ್ನ, ಇನ್ನೊಂದು ಕೊಲೆ. ಸರ್ಕಾರಿ ವಕೀಲರು ಬೇಕಂತಲೇ ದರೋಡೆ ಕೇಸನ್ನು ಮೊದಲು ನಡೆಸಿದರು. ಅದರಲ್ಲಿ ಶಿಕ್ಷೆಯಾದ್ದರಿಂದ, ಕೊಲೆ ಕೇಸಿನಲ್ಲಿ ಅವರು ತಮ್ಮ ಪರ ತಾವೇ ಸಾಕ್ಷಿ ಹೇಳಲು ಹೋಗಲಿಲ್ಲ, ಹೇಳಿದ್ದರೆ ಆ ಶಿಕ್ಷೆಯನ್ನೇ ಅವರ ವಿರುದ್ಧ ಎತ್ತುತ್ತಿದ್ದರು. ಮರಣದಂಡನೆಯಾಯಿತು. ಆ ದರೋಡೆಯಲ್ಲಿ ದರೋಡೆಕೋರನ ರಕ್ತ ಒಬ್ಬರ ಬಟ್ಟೆಗೆ ತಗುಲಿತ್ತು. ಪ್ರಯೋಗಾಲಯದ ವರದಿ ಸರ್ಕಾರಿ ವಕೀಲರ ಕೈಗೆ ಬಂದಿತ್ತು. ರಕ್ತದ ಗುಂಪು ಬಿ. ಥಾಂಪ್ಸನ್ ಅವರದ್ದು ಓ. ಆ ವರದಿಯನ್ನು ಅವರ ವಕೀಲರಿಗೆ ಯಾರೂ ಕೊಡಲಿಲ್ಲ. 1999ರಲ್ಲಿ, ಗಲ್ಲಿನ ದಿನಕ್ಕೆ ಒಂದೇ ತಿಂಗಳು ಉಳಿದಿದ್ದಾಗ, ಅವರ ಕಡೆಯ ತನಿಖೆದಾರರ ಕೈಗೆ ಅದು ಸಿಕ್ಕಿತು. ದರೋಡೆಯ ಶಿಕ್ಷೆ ರದ್ದಾಯಿತು. 2003ರಲ್ಲಿ ಕೊಲೆ ಕೇಸಿನ ಮರುವಿಚಾರಣೆಯಲ್ಲೂ ನಿರ್ದೋಷಿ ಅಂತಾಯಿತು. 18 ವರ್ಷ ಜೈಲು, ಅದರಲ್ಲಿ 14 ವರ್ಷ ಮರಣದಂಡನೆಯ ಕೋಣೆಯಲ್ಲಿ.

ಸರ್ಕಾರಿ ವಕೀಲರ ಮೇಲೆ ವೈಯಕ್ತಿಕವಾಗಿ ಕೇಸು ಹಾಕುವಂತಿಲ್ಲ, 1976ರಿಂದ ಅವರಿಗೆ ಸಂಪೂರ್ಣ ರಕ್ಷಣೆ ಇದೆ. ಹಾಗಾಗಿ ಕಚೇರಿಯ ಮೇಲೆ ಹಾಕಿದರು. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ಮಂಡಳಿ, 14 ಮಿಲಿಯನ್ ಡಾಲರ್ ಪರಿಹಾರ ಕೊಟ್ಟಿತು, ಆ ಕೋಣೆಯಲ್ಲಿ ಕಳೆದ ವರ್ಷಕ್ಕೆ ಒಂದೊಂದು ಮಿಲಿಯನ್. 2011ರಲ್ಲಿ ಸುಪ್ರೀಂ ಕೋರ್ಟ್ 5-4 ಮತಗಳಿಂದ ಅದನ್ನು ಅಳಿಸಿಹಾಕಿತು. ಆ ಕಚೇರಿ ಸಾಕ್ಷ್ಯ ಮುಚ್ಚಿಟ್ಟದ್ದಕ್ಕೆ ಹಿಂದಿನ 10 ವರ್ಷದಲ್ಲಿ 4 ಶಿಕ್ಷೆಗಳು ರದ್ದಾಗಿದ್ದವು. ಆದರೆ ಆ ನಾಲ್ಕರಲ್ಲಿ ಯಾವುದೂ ರಕ್ತದ ವರದಿಗೆ ಸಂಬಂಧಿಸಿದ್ದಲ್ಲ, ಆದ್ದರಿಂದ ಕಚೇರಿಗೆ ಎಚ್ಚರಿಕೆ ಸಿಕ್ಕಿತ್ತು ಅನ್ನಲಾಗದು ಅಂದಿತು. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತವನ್ನು ಪೀಠದಿಂದಲೇ ಓದಿ ಹೇಳಿದರು. ಆ 14 ಮಿಲಿಯನ್‌ನಲ್ಲಿ ಒಂದು ಡಾಲರೂ ಥಾಂಪ್ಸನ್ ಕೈಗೆ ಬರಲಿಲ್ಲ. ಅವರು ತಮ್ಮ ಹಾಗೆ ನಿರಪರಾಧಿಗಳಾಗಿ ಹೊರಬಂದವರಿಗೆ ನೆಲೆ ಕೊಡುವ ಸಂಸ್ಥೆ ಕಟ್ಟಿ ನಡೆಸಿದರು. 2017ರಲ್ಲಿ ತೀರಿಕೊಂಡರು.

ಈಗ ಎರಡನ್ನೂ ಜೊತೆಗಿಟ್ಟು ನೋಡಿ. ಅಧಿಕಾರಿ ‘ಇದು ತಪ್ಪು ಅಂತ ಸ್ಪಷ್ಟ ತೀರ್ಪು ಇರಲಿಲ್ಲ’ ಅನ್ನುತ್ತಾರೆ. ನಗರ ‘ಇದು ನಮ್ಮ ನೀತಿಯಲ್ಲ, ಅವರೊಬ್ಬರ ಕೆಲಸ’ ಅನ್ನುತ್ತದೆ. ಹಾನಿಯಾಗಿದೆ ಅಂತ ಇಬ್ಬರೂ ಒಪ್ಪಿದರೂ, ನೊಂದವರು ಇಬ್ಬರ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತಾರೆ.

ಅಧಿಕಾರಿಗಳ ಪರವಾದ ವಾದವನ್ನೂ ಸರಿಯಾಗಿ ಹೇಳಬೇಕು. ರಕ್ಷಣೆ ತೆಗೆದರೆ ಪೊಲೀಸರು ಮನೆಮಠ ಕಳೆದುಕೊಳ್ಳುತ್ತಾರೆ, ಹೆದರಿ ಕೆಲಸವನ್ನೇ ಮಾಡುವುದಿಲ್ಲ ಅಂತಾರೆ. ಅಪಾಯದ ಕೆಲಸ ಮಾಡುವವರ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಜೋನಾ ಶ್ವಾರ್ಟ್ಜ್ ಎಂಬ ಕಾನೂನು ಪ್ರಾಧ್ಯಾಪಕಿ ಲೆಕ್ಕ ತೆಗೆದು 2014ರಲ್ಲಿ ಪ್ರಕಟಿಸಿದರು. 2006ರಿಂದ 2011ರವರೆಗೆ ದೇಶದ 44 ದೊಡ್ಡ ಪೊಲೀಸ್ ಇಲಾಖೆಗಳ ಕೇಸುಗಳಲ್ಲಿ ನೊಂದವರಿಗೆ ಸಿಕ್ಕ ಒಟ್ಟು ಹಣದಲ್ಲಿ, ಅಧಿಕಾರಿಗಳು ಸ್ವಂತ ಜೇಬಿನಿಂದ ಕೊಟ್ಟದ್ದು ಶೇಕಡ 0.02. ನೂರು ಡಾಲರಿಗೆ 2 ಸೆಂಟ್. ಉಳಿದದ್ದನ್ನು ಸರ್ಕಾರಗಳೇ ಕಟ್ಟಿದವು, ಅಂದರೆ ತೆರಿಗೆ ಕಟ್ಟುವ ಜನ. 2021ರ ಮಾರ್ಚಿನಲ್ಲಿ, ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಅವರ ಕುಟುಂಬಕ್ಕೆ ಮಿನಿಯಾಪೊಲಿಸ್ ನಗರ ಒಪ್ಪಿದ 27 ಮಿಲಿಯನ್ ಡಾಲರ್ ಕೂಡ ನಗರದ್ದೇ. ಹೇಗಿದ್ದರೂ ಕೊನೆಗೆ ನಗರವೇ ಕಟ್ಟುವುದಾದರೆ, ನಗರವನ್ನೇ ನೇರವಾಗಿ ಹೊಣೆ ಮಾಡಿಬಿಡಿ, ಬೇರೆ ಎಲ್ಲ ಧಣಿಗಳ ಹಾಗೆ. ಇದೇ ನನ್ನ ಅಭಿಪ್ರಾಯ. ಆಗ ‘ಕೈಯೆತ್ತಿದ್ದರೋ, ಮಲಗಿದ್ದರೋ’ ಎಂಬ ವಾದವೇ ಬೇಕಾಗುವುದಿಲ್ಲ.

ದುಡ್ಡು ಬೇಡ, ಇನ್ನೊಬ್ಬರಿಗೆ ಹೀಗಾಗದ ಹಾಗೆ ನಿಲ್ಲಿಸಿ ಅಂತ ಕೇಳಬಹುದಾ? ಅಡಾಲ್ಫ್ ಲಯನ್ಸ್ ಕೇಳಿದ್ದರು. 1976ರ ಅಕ್ಟೋಬರ್, ಲಾಸ್ ಏಂಜಲೀಸ್, ರಾತ್ರಿ 2 ಗಂಟೆ. ಕಾರಿನ ಹಿಂದಿನ ದೀಪ ಕೆಟ್ಟಿದೆ ಅಂತ ಪೊಲೀಸರು ನಿಲ್ಲಿಸಿದರು. 24 ವರ್ಷದ ಕಪ್ಪು ಯುವಕ. ಕೈಯಲ್ಲಿದ್ದ ಬೀಗದ ಕೀಲಿಗೊಂಚಲು ಒತ್ತಿ ನೋಯುತ್ತಿದೆ ಅಂದದ್ದಕ್ಕೆ, ಕೆಲವೇ ಸೆಕೆಂಡುಗಳಲ್ಲಿ ಒಬ್ಬ ಅಧಿಕಾರಿ ತೋಳಿನಿಂದ ಕುತ್ತಿಗೆ ಬಿಗಿದರು ಅಂತ ಅವರ ಹೇಳಿಕೆ. ಎಚ್ಚರವಾದಾಗ ನೆಲದ ಮೇಲೆ ಮಕಾಡೆ ಬಿದ್ದಿದ್ದರು. ಬಾಯಲ್ಲಿ ರಕ್ತ, ಮಣ್ಣು. ಬಟ್ಟೆಯಲ್ಲೇ ಮಲಮೂತ್ರ ಆಗಿಹೋಗಿತ್ತು. ಪೊಲೀಸರು ಒಂದು ಟ್ರಾಫಿಕ್ ಚೀಟಿ ಕೊಟ್ಟು ಕಳಿಸಿದರು. ಹೀಗೆ ಕುತ್ತಿಗೆ ಬಿಗಿಯುವುದನ್ನು ನಿಲ್ಲಿಸಿ ಅಂತ ಅವರು ಕೋರ್ಟನ್ನು ಕೇಳಿಕೊಂಡರು. ಕೇಸು ಸುಪ್ರೀಂ ಕೋರ್ಟ್ ಮುಟ್ಟುವ ಹೊತ್ತಿಗೆ ಆ ನಗರದಲ್ಲಿ ಕುತ್ತಿಗೆ ಬಿಗಿತದ ನಂತರ 16 ಜನ ಸತ್ತಿದ್ದರು, ಅದರಲ್ಲಿ 12 ಮಂದಿ ಕಪ್ಪು ಗಂಡಸರು. 1983ರಲ್ಲಿ 5-4 ಮತಗಳಿಂದ ಕೋರ್ಟ್ ಹೇಳಿತು: ಪರಿಹಾರ ಕೇಳಬಹುದು, ಆದರೆ ನಿಮ್ಮ ಕುತ್ತಿಗೆಯನ್ನೇ ಮತ್ತೆ ಹಿಡಿಯುತ್ತಾರೆ ಅಂತ ತೋರಿಸದೆ ತಡೆಯಾಜ್ಞೆ ಕೇಳುವಂತಿಲ್ಲ.

ಈ ಕೊರತೆ ತುಂಬಲು ಬಂದದ್ದು 1994ರ ಕಾನೂನು. 1991ರಲ್ಲಿ ಅದೇ ನಗರದಲ್ಲಿ ರಾಡ್ನಿ ಕಿಂಗ್ ಅವರನ್ನು ಪೊಲೀಸರು ಹೊಡೆಯುವ ವಿಡಿಯೋ ಇಡೀ ದೇಶ ನೋಡಿದ ಮೇಲೆ ಇದು ಸಾಧ್ಯವಾಯಿತು. ಒಂದು ಇಲಾಖೆಯಲ್ಲಿ ಹಕ್ಕುಗಳ ಉಲ್ಲಂಘನೆ ಪದೇ ಪದೇ ನಡೆಯುತ್ತಿದ್ದರೆ ಫೆಡರಲ್ ನ್ಯಾಯ ಇಲಾಖೆಯೇ ಕೋರ್ಟಿಗೆ ಹೋಗಿ, ಸುಧಾರಣೆಯ ಒಪ್ಪಂದವನ್ನು ಜಡ್ಜ್ ಉಸ್ತುವಾರಿಯಲ್ಲಿ ಜಾರಿ ಮಾಡಿಸಬಹುದು. 1997ರಲ್ಲಿ ಪಿಟ್ಸ್‌ಬರ್ಗಿನಿಂದ ಶುರುವಾಗಿ ಸಿಯಾಟಲ್, ಕ್ಲೀವ್‌ಲ್ಯಾಂಡ್, ಫರ್ಗ್ಯೂಸನ್, ಬಾಲ್ಟಿಮೋರ್ ತನಕ ಬಂತು. ಆದರೆ ಇದರ ಕೀಲಿ ಸರ್ಕಾರದ ಕೈಯಲ್ಲಿದೆ. 2025ರ ಮೇ ತಿಂಗಳಲ್ಲಿ ಅದೇ ನ್ಯಾಯ ಇಲಾಖೆ ಮಿನಿಯಾಪೊಲಿಸ್ ಮತ್ತು ಲೂಯಿವಿಲ್ ಒಪ್ಪಂದಗಳನ್ನು ಕೈಬಿಡಲು ಕೋರ್ಟಿಗೆ ಅರ್ಜಿ ಹಾಕಿತು.

ಹಾಗಾಗಿ ಈಗ ನನ್ನ ಕಣ್ಣು ರಾಜ್ಯಗಳ ಮೇಲಿದೆ. 2020ರಲ್ಲಿ ಕೊಲೊರಾಡೋ ಒಂದು ಕಾನೂನು ಮಾಡಿತು. ರಾಜ್ಯದ ಸಂವಿಧಾನದ ಹಕ್ಕು ಮುರಿದರೆ ರಾಜ್ಯದ ಕೋರ್ಟಿನಲ್ಲಿ ಕೇಸು ಹಾಕಬಹುದು, ಕ್ವಾಲಿಫೈಡ್ ಇಮ್ಯುನಿಟಿ ಅಲ್ಲಿ ನಡೆಯುವುದಿಲ್ಲ. ಅಧಿಕಾರಿ ಪ್ರಾಮಾಣಿಕವಾಗಿ ನಡೆದುಕೊಂಡಿಲ್ಲ ಅಂತ ಇಲಾಖೆಗೆ ಕಂಡರೆ, ಅವರು ಸ್ವಂತದಿಂದ ಪರಿಹಾರದ ಶೇಕಡ 5 ಅಥವಾ 25,000 ಡಾಲರ್, ಯಾವುದು ಕಡಿಮೆಯೋ ಅದನ್ನು ಕಟ್ಟಬೇಕು. ಉಳಿದದ್ದು ಇಲಾಖೆಯದ್ದು. 2021ರಲ್ಲಿ ನ್ಯೂ ಮೆಕ್ಸಿಕೋ ಇನ್ನೂ ಸರಳವಾದ ದಾರಿ ಹಿಡಿಯಿತು. ಕೇಸು ಹಾಕುವುದೇ ಸರ್ಕಾರಿ ಸಂಸ್ಥೆಯ ಮೇಲೆ, ಅಧಿಕಾರಿಯ ಮೇಲಲ್ಲ. ಮಿತಿ 2 ಮಿಲಿಯನ್ ಡಾಲರ್.

ಶುರುವಿನಲ್ಲಿ ಹೇಳಿದ ನಡುಮನೆಗೆ ವಾಪಸ್ ಹೋಗೋಣ. 2019ರ ಫೆಬ್ರವರಿ, ಅದೇ ಷಿಕಾಗೋ. ಒಬ್ಬ ಕಪ್ಪು ಮಹಿಳೆ, ಸಮಾಜ ಕಾರ್ಯಕರ್ತೆ, ಕೆಲಸ ಮುಗಿಸಿ ಮನೆಗೆ ಬಂದು ಬಟ್ಟೆ ಬದಲಿಸುತ್ತಿದ್ದರು. ಪೊಲೀಸರು ಬಾಗಿಲು ಒಡೆದು ಒಳಗೆ ಬಂದು, ಅವರನ್ನು ಬೆತ್ತಲೆಯಾಗಿಯೇ ನಿಲ್ಲಿಸಿ ಕೋಳ ಹಾಕಿದರು. ಈ ಸಲ ವಾರಂಟ್ ಇತ್ತು, ಮನೆ ತಪ್ಪಾಗಿತ್ತು. ‘ನೀವು ತಪ್ಪು ಮನೆಗೆ ಬಂದಿದ್ದೀರಿ’ ಅಂತ ಅವರು ಮತ್ತೆ ಮತ್ತೆ ಹೇಳುವುದು ಪೊಲೀಸರ ಮೈಮೇಲಿದ್ದ ಕ್ಯಾಮೆರಾದಲ್ಲೇ ದಾಖಲಾಗಿದೆ. 2020ರ ಡಿಸೆಂಬರಿನಲ್ಲಿ ಆ ವಿಡಿಯೋ ಟೀವಿಯಲ್ಲಿ ಬರುವುದನ್ನು ತಡೆಯಲು ನಗರದ ವಕೀಲರು ಕೋರ್ಟಿಗೆ ಹೋದರು, ಆಗಲಿಲ್ಲ. ಜನ ನೋಡಿದರು. ಒಂದು ವರ್ಷದ ನಂತರ ಷಿಕಾಗೋ ನಗರ ಸಭೆ ಅವರಿಗೆ 2.9 ಮಿಲಿಯನ್ ಡಾಲರ್ ಕೊಡಲು ಒಪ್ಪಿತು.